ನೇತ್ರಾಣಿಯ ನೀರಿನಲ್ಲಿ ಬೆಳಕಿನ ಪಾಠ

ಬಯಲುಸೀಮೆಯ ಕಪ್ಪುಮಣ್ಣಿನಲ್ಲಿ ಹುಟ್ಟಿ ಬೆಳೆದು, ಮಠದ ಪಾಠಶಾಲೆಯಲ್ಲಿ ಅಕ್ಷರ ಕಲಿತ ನಮಗೆ ಸಮುದ್ರವೆಂಬುದು ಬಹುಕಾಲ ಕಾವ್ಯದ ವರ್ಣನೆಗಳಲ್ಲಿ ಬರುವ ಒಂದು ಶಬ್ದ ಮಾತ್ರವಾಗಿತ್ತು. ಅಂಥ ನಾವು ಅರವತ್ತು ದಾಟಿದ ಮೇಲೆ ಸಮುದ್ರದೊಳಗಿನ ಛಾಯಾಚಿತ್ರಗಳ ವಿಷಯವಾಗಿ ಬರೆಯಲು ಕುಳಿತಿರುವುದನ್ನು ಕಂಡು ಓದುಗ ಬಂಧುಗಳಿಗೆ ಸೋಜಿಗವೆನಿಸಬಹುದು. ಇದಕ್ಕೆ ಕಾರಣಳಾದವಳು ನಮ್ಮ ತಮ್ಮನ ಮಗಳು.

ಆಕೆ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನದ ಶಿಕ್ಷಕಿ. 2022ರಲ್ಲಿ ತೆರೆಗೆ ಬಂದ ‘ಗಂಧದ ಗುಡಿ’ ಚಿತ್ರದಲ್ಲಿ ಪುನೀತ್ ರಾಜ್‌ಕುಮಾರರು ನೇತ್ರಾಣಿಯ ನೀರಿಗಿಳಿದುದನ್ನು ಕಂಡ ಆಕೆಯ ಶಾಲೆಯ ಮಕ್ಕಳು, “ಟೀಚರ್, ನಮ್ಮ ಕರ್ನಾಟಕದ ಸಮುದ್ರದಾಗ ಹವಳ ಐತೇನ್ರಿ?” ಎಂದು ಕೇಳಿದರಂತೆ. ಅವರಲ್ಲಿ ಹೆಚ್ಚಿನವರು ಸಮುದ್ರವನ್ನೇ ನೋಡಿದವರಲ್ಲ. ಅವರಿಗೆ ತೋರಿಸಬೇಕೆಂಬ ಹಂಬಲದಿಂದ ಆಕೆ ಮುಳುಗುವ ವಿದ್ಯೆಯನ್ನು ಕ್ರಮವಾಗಿ ಕಲಿತು ಪ್ರಮಾಣಪತ್ರ ಪಡೆದಳು. ಉಳಿತಾಯದ ಹಣದಲ್ಲಿ ಯಾರೋ ಬಳಸಿ ಮಾರಿದ ಚಿಕ್ಕ ಕ್ಯಾಮೆರಾ, ಅದಕ್ಕೆ ನೀರು ನುಗ್ಗದ ಕವಚ, ನೀರಿನಲ್ಲಿ ಉರಿಯುವ ಒಂದು ಬ್ಯಾಟರಿ ದೀಪ ಇಷ್ಟನ್ನು ಕೊಂಡಳು. 2023ರ ನವೆಂಬರಿನಲ್ಲಿ ಎರಡು ದಿನ ನೇತ್ರಾಣಿಗೆ ಹೋಗಿ ಇನ್ನೂರಕ್ಕೂ ಹೆಚ್ಚು ಚಿತ್ರಗಳನ್ನು ತೆಗೆದು ಬಂದಳು.

ಆ ಚಿತ್ರಗಳನ್ನು ನಾವೂ ನೋಡಿದೆವು. ಮೀನು ಇತ್ತು, ಬಂಡೆ ಇತ್ತು. ಆದರೆ ಅವುಗಳ ಮುಂದೆ ಯಾರೋ ಹಿಟ್ಟು ಜರಡಿ ಹಿಡಿದಂತೆ ಸಾವಿರಾರು ಬಿಳಿಯ ಚುಕ್ಕೆಗಳು. ಕೆಲವು ಸಣ್ಣ, ಕೆಲವು ಬಟಾಣಿಯಷ್ಟು ದಪ್ಪ. ಒಂದು ಚಿತ್ರವೂ ಗೋಡೆಗೆ ಹಾಕುವಂತಿರಲಿಲ್ಲ. ಕ್ಯಾಮೆರಾ ವ್ಯಾಪಾರಿಯೊಬ್ಬರಿಗೆ ತೋರಿಸಿದಾಗ, “ಎರಡು ದೊಡ್ಡ ಫ್ಲ್ಯಾಶುಗಳಿಲ್ಲದೆ ನೀರಿನೊಳಗೆ ಈ ಕೆಲಸ ಆಗುವುದಿಲ್ಲ” ಎಂದು ಬೆಲೆ ಹೇಳಿದರು. ಅದು ಆಕೆಯ ಹಲವು ತಿಂಗಳ ಸಂಬಳಕ್ಕೆ ಸಮ. ನಮ್ಮ ತಾಯಿಯವರು ಮೊಮ್ಮಗಳಿಗೆಂದು ಇಟ್ಟುಹೋದ ಎರಡು ಚಿನ್ನದ ಬಳೆಗಳಿದ್ದವು. ಅವುಗಳನ್ನು ಒತ್ತೆಯಿಟ್ಟು ಸಾಲ ತೆಗೆಯುವುದೆಂದು ಆಕೆ ನಿಶ್ಚಯಿಸಿದಳು. ತಮ್ಮನಿಗೆ ಸಿಟ್ಟು ಬಂತು. ಎಂಟು ದಿನ ತಂದೆ-ಮಗಳ ನಡುವೆ ಮಾತಿಲ್ಲ. ಕೊನೆಗೆ ಇಬ್ಬರೂ ನಮ್ಮ ಬಳಿಗೆ ಬಂದರು.

“ಅಣ್ಣಾ, ಕ್ಯಾಮೆರಾ ಮಾರಿಬಿಡು ಅಂತ ಆಕಿಗೆ ನೀವ ಒಂದು ಮಾತು ಹೇಳ್ರಿ” ಎಂದ ತಮ್ಮ.

“ದೊಡ್ಡಪ್ಪಾ, ತಪ್ಪು ಯಾತರದ್ದು ಅಂತ ಗೊತ್ತಾಗದ ಹ್ಯಾಂಗ ಮಾರಲಿ?” ಎಂದಳು ಮಗಳು.

ಆಕೆಯ ಪ್ರಶ್ನೆಯಲ್ಲಿ ನ್ಯಾಯವಿತ್ತು. ಕಣ್ಣಾರೆ ಕಾಣದೆ ತೀರ್ಪು ಕೊಡಬಾರದೆಂದು, ಮುಂದಿನ ಸಲ ನಾವೂ ಜೊತೆಗೆ ಬರುವೆವೆಂದು ಹೇಳಿದೆವು. 2024ರ ಜನವರಿಯಲ್ಲಿ, ರೊಟ್ಟಿ ಮತ್ತು ಶೇಂಗಾ ಹಿಂಡಿಯ ಗಂಟು ಕಟ್ಟಿಕೊಂಡು, ಒಂದು ಬಾಡಿಗೆಯ ಕಾರಿನಲ್ಲಿ ಧಾರವಾಡದಿಂದ ಹೊರಟೆವು.

ಘಟ್ಟದ ಮಂಜು

ಕಲಘಟಗಿ, ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯುವಾಗ ಇನ್ನೂ ಬೆಳಕು ಹರಿದಿರಲಿಲ್ಲ. ದಟ್ಟವಾದ ಮಂಜು ಕವಿದಿತ್ತು. ಎದುರಿನ ದಾರಿ ಕಾಣದೆ ನಮಗೆ ಹೆದರಿಕೆಯಾಗಿ, “ದೀಪ ಜೋರು ಮಾಡಪ್ಪ” ಎಂದೆವು. ಚಾಲಕ ನಕ್ಕು, ನಮಗೆ ತೋರಿಸಲೆಂದೇ ಒಮ್ಮೆ ದೊಡ್ಡ ದೀಪ ಹಾಕಿದ. ಕೂಡಲೇ ಎದುರಿಗೆ ಸುಣ್ಣ ಬಳಿದ ಗೋಡೆ ಎದ್ದಂತಾಯಿತು. ಕಾಣುತ್ತಿದ್ದ ಹತ್ತು ಮಾರು ರಸ್ತೆಯೂ ಮಾಯವಾಯಿತು. ಮತ್ತೆ ದೀಪವನ್ನು ತಗ್ಗಿಸಿ ನೆಲದ ಕಡೆಗೆ ಬಿಟ್ಟಾಗ ರಸ್ತೆಯ ಬಿಳಿಗೆರೆ ಕಂಡಿತು. “ಮಂಜಿನಾಗ ಬೆಳಕು ಜಾಸ್ತಿ ಮಾಡಿದ್ರ ಮಂಜ ಕಾಣತೈತ್ರಿ, ದಾರಿ ಕಾಣಂಗಿಲ್ರಿ” ಎಂದ. ಆ ಮಾತನ್ನು ನಾವು ಕೇಳಿದೆವು, ಆದರೆ ಅರಿಯಲಿಲ್ಲ. ಅರಿತಿದ್ದರೆ ಮರುದಿನ ನಾವು ಮಾಡಿದ ತಪ್ಪನ್ನು ಮಾಡುತ್ತಿರಲಿಲ್ಲ.

ಘಟ್ಟ ಇಳಿದ ಮೇಲೆ ಗಂಗಾವಳಿ, ಅಘನಾಶಿನಿ, ಶರಾವತಿ ಎಂಬ ಮೂರು ನದಿಗಳ ಸೇತುವೆಗಳನ್ನು ಒಂದಾದ ಮೇಲೊಂದರಂತೆ ದಾಟಬೇಕು. ಮಳೆಗಾಲದಲ್ಲಿ ಈ ನದಿಗಳು ಘಟ್ಟದ ಮಣ್ಣನ್ನು ಕಡಲಿಗೆ ಹೊತ್ತು ತರುತ್ತವೆ. ಆ ಮಣ್ಣಿನ ಅತಿ ಸಣ್ಣ ಕಣಗಳು ಬೇಗ ತಳ ಮುಟ್ಟುವುದಿಲ್ಲ. ಅದರೊಂದಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ಜಲಸಸ್ಯಗಳೂ ಜೀವಿಗಳೂ ನೀರಿನಲ್ಲಿ ತೇಲುತ್ತಿರುತ್ತವೆ. ಪ್ಲವಕಗಳೆಂದು ಹೆಸರುಳ್ಳ ಇವೇ ಮೀನುಗಳ ಅನ್ನ. ಆದ್ದರಿಂದ ನಮ್ಮ ಕರಾವಳಿಯ ನೀರು ಬಾವಿಯ ನೀರಿನಂತೆ ತಿಳಿಯಾಗಿರಬೇಕೆಂದು ಬಯಸುವುದು ಸರಿಯಲ್ಲ. ಅದು ಜೀವ ತುಂಬಿದ ನೀರು.

ಮುರುಡೇಶ್ವರದಿಂದ ಕಡಲಿನೊಳಗೆ ಸುಮಾರು 19 ಕಿಲೋಮೀಟರ್ ದೂರದಲ್ಲಿ ನೇತ್ರಾಣಿ ದ್ವೀಪವಿದೆ. ಬಜರಂಗಿ ದ್ವೀಪವೆಂದೂ, ಪಾರಿವಾಳಗಳ ದ್ವೀಪವೆಂದೂ ಅದಕ್ಕೆ ಹೆಸರುಗಳಿವೆ. ಮೇಲಿನಿಂದ ನೋಡಿದರೆ ಹೃದಯದ ಆಕಾರ. ಜನವಸತಿಯಿಲ್ಲ. ಕಡಿದಾದ ಬಂಡೆ, ಅದರ ಮೇಲೆ ಕಾಡು, ಬಂಡೆಯ ನೆತ್ತಿಯಲ್ಲಿ ಬಿಳಿಹೊಟ್ಟೆಯ ಕಡಲಹದ್ದುಗಳು. ಜೂನಿನಿಂದ ಮಳೆಗಾಲ ಮುಗಿಯುವವರೆಗೆ ಕಡಲು ಒರಟಾಗಿರುವುದರಿಂದ ಮುಳುಗುವವರು ಅಲ್ಲಿಗೆ ಹೋಗುವುದಿಲ್ಲ. ಚಳಿಗಾಲದ ತಿಂಗಳುಗಳೇ ಪ್ರಶಸ್ತ. ಬೆಳಗಿನ ಪೂಜೆ ಮುಗಿಸಿ ನಾವು ದೋಣಿ ಹತ್ತಿದಾಗ ದೇವಾಲಯದ ಇಪ್ಪತ್ತು ಅಂತಸ್ತಿನ ಗೋಪುರವೂ 123 ಅಡಿಯ ಶಿವನ ಮೂರ್ತಿಯೂ ಸೂರ್ಯೋದಯದ ಬೆಳಕಿನಲ್ಲಿ ಕೆಂಪಾಗಿದ್ದವು. ಗಂಟೆಗೂ ಮೇಲ್ಪಟ್ಟು ಸಾಗಿದ ಬಳಿಕ ಅವು ಬೆರಳಿನ ತುದಿಯಷ್ಟಾಗಿ, ದ್ವೀಪದ ನೆರಳು ನಮ್ಮ ಮೇಲೆ ಬಿತ್ತು.

ನಮ್ಮ ತಪ್ಪು ಸಲಹೆ

ಮಗಳು ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು, ಮಾರ್ಗದರ್ಶಿಯಾದ ತರುಣನೊಂದಿಗೆ ನೀರಿಗಿಳಿಯಲು ಸಿದ್ಧಳಾದಳು. ದೀಪವನ್ನು ಕ್ಯಾಮೆರಾದ ನೆತ್ತಿಯ ಮೇಲೆಯೇ ಕಟ್ಟಿದ್ದಳು. ಆಗ ನಾವು, ಹಿರಿಯರೆಂಬ ಸಲಿಗೆಯಿಂದ, “ತಂಗೀ, ಚುಕ್ಕಿ ಬರೋದು ಕತ್ತಲಿನಿಂದ ಇರಬೇಕು. ದೀಪ ಪೂರ್ತಿ ಜೋರು ಇಡು, ಕ್ಯಾಮೆರಾದ ಫ್ಲ್ಯಾಶೂ ಹಚ್ಚು” ಎಂದೆವು. ಆಕೆ ಹಾಗೆಯೇ ಮಾಡಿದಳು. ಮೇಲೆ ಬಂದು ಕವಚದ ಕಿಟಕಿಯಲ್ಲಿ ಚಿತ್ರಗಳನ್ನು ತೋರಿಸಿದಾಗ ನಮಗೆ ಮಾತು ಹೊರಡಲಿಲ್ಲ. ನವೆಂಬರಿನ ಚಿತ್ರಗಳಿಗಿಂತ ಅಧ್ವಾನ. ಮೊದಲು ಹಿಟ್ಟಾಗಿದ್ದುದು ಈಗ ಆಲಿಕಲ್ಲಾಗಿತ್ತು.

ದೋಣಿಯವರು ನಮಗೆ ತೇಲುಕವಚ ತೊಡಿಸಿ, ಏಣಿಯ ಕೊನೆಯ ಮೆಟ್ಟಿಲಿನಲ್ಲಿ ನಿಲ್ಲಿಸಿ, ಕಣ್ಣಿಗೆ ಗಾಜಿನ ಮುಖವಾಡ ಕಟ್ಟಿದರು. ಉಸಿರು ಹಿಡಿದು ಮುಖವನ್ನು ನೀರಿಗಿಟ್ಟೆವು. ಕೆಳಗೆ ನೀಲಿ, ಮೇಲಿನಿಂದ ಓರೆಯಾಗಿ ಇಳಿಯುವ ಬಿಸಿಲಿನ ಕೋಲುಗಳು. ಆ ಕೋಲುಗಳೊಳಗೆ ಮಾತ್ರ ಅಸಂಖ್ಯ ಧೂಳಿನ ಕಣಗಳು ಹೊಳೆಯುತ್ತಿದ್ದವು; ಕೋಲಿನ ಹೊರಗೆ ನೀರು ನಿರ್ಮಲವಾಗಿ ಕಾಣುತ್ತಿತ್ತು. ನಮಗೆ ಥಟ್ಟನೆ ಮಠದ ಹಳೆಯ ಉಗ್ರಾಣ ನೆನಪಾಯಿತು. ಅಲ್ಲಿ ಹಂಚಿನ ನಡುವೆ ಒಂದೇ ಗಾಜಿನ ಬೆಳಕಿಂಡಿ. ಮಧ್ಯಾಹ್ನದ ಬಿಸಿಲು ಅದರಿಂದ ಇಳಿದಾಗ ಆ ಬಿಸಿಲಕೋಲಿನಲ್ಲಿ ಧೂಳು ಕುಣಿಯುವುದನ್ನು ಬಾಲಕರಾದ ನಾವು ಬೆರಗಿನಿಂದ ನೋಡುತ್ತಿದ್ದೆವು. ಧೂಳು ಕೋಣೆಯ ತುಂಬೆಲ್ಲ ಇದೆ. ಬೆಳಕು ಬಿದ್ದ ಕಡೆ ಮಾತ್ರ ಕಾಣುತ್ತದೆ. ಚಾಲಕನ ಮಾತಿನ ಅರ್ಥ ಆಗ ಹೊಳೆಯಿತು.

ಭರಣಿಯ ಪ್ರಯೋಗ

ಮರುದಿನ ನೀರಿಗಿಳಿಯುವ ಸರದಿಯಿರಲಿಲ್ಲ. ವಸತಿಗೃಹದಲ್ಲಿಯೇ ಪರೀಕ್ಷಿಸಿ ನೋಡೋಣವೆಂದೆವು. ಈ ಪ್ರಯೋಗವನ್ನು ಓದುಗರು ತಮ್ಮ ಮನೆಯಲ್ಲಿ ಮಕ್ಕಳೊಡನೆ ಮಾಡಬಹುದು. ಒಂದು ದೊಡ್ಡ ಗಾಜಿನ ಭರಣಿಗೆ ನೀರು ತುಂಬಿ, ನಾಲ್ಕೈದು ಹನಿ ಹಾಲು ಬೆರೆಸಬೇಕು. ಆಚೆ ಬದಿಗೆ ಒಂದು ಕವಡೆಯನ್ನಿಟ್ಟು, ಕೋಣೆಯನ್ನು ಕತ್ತಲೆ ಮಾಡಿ, ಈಚೆಯಿಂದ ಮೊಬೈಲಿನಲ್ಲಿ ಚಿತ್ರ ತೆಗೆಯಬೇಕು. ಟಾರ್ಚನ್ನು ಮೊಬೈಲಿಗೆ ಒತ್ತಿ ಹಿಡಿದಾಗ ಕವಡೆಯ ಮುಂದೆ ಬಿಳಿಯ ತೆರೆ. ಟಾರ್ಚನ್ನು ಭರಣಿಯ ಪಕ್ಕಕ್ಕೆ ಒಯ್ದು, ಕಿರಣದ ಅಂಚು ಮಾತ್ರ ಕವಡೆಯನ್ನು ಮುಟ್ಟುವಂತೆ ಹಿಡಿದಾಗ ಕವಡೆ ಸ್ಪಷ್ಟ. ನೀರು ಅದೇ, ಹಾಲು ಅಷ್ಟೇ, ಕ್ಯಾಮೆರಾ ಅದೇ. ಬದಲಾದುದು ದೀಪದ ಸ್ಥಾನ ಮಾತ್ರ.

ಇದರ ಕಾರಣವನ್ನು ಮಗಳು ಹಾಳೆಯ ಮೇಲೆ ಗೆರೆ ಎಳೆದು ನಮಗೆ ವಿವರಿಸಿದಳು. ಛಾಯಾಗ್ರಾಹಕರು ಇದನ್ನು ಬ್ಯಾಕ್‌ಸ್ಕ್ಯಾಟರ್ ಎನ್ನುತ್ತಾರೆ. ನಾವು ಹಿಂಚದುರಿದ ಬೆಳಕು ಎನ್ನಬಹುದು. ಕ್ಯಾಮೆರಾಕ್ಕೂ ಮೀನಿಗೂ ನಡುವೆ ಇರುವ ನೀರಿನಲ್ಲಿ ಕಣಗಳಿವೆ. ದೀಪವು ಮಸೂರದ ಪಕ್ಕದಲ್ಲಿಯೇ ಇದ್ದರೆ ಆ ನೀರೆಲ್ಲ ಬೆಳಗುತ್ತದೆ. ಪ್ರತಿಯೊಂದು ಕಣವೂ ಬೆಳಕನ್ನು ಬಂದ ದಾರಿಯಲ್ಲಿಯೇ ಮಸೂರಕ್ಕೆ ಹಿಂತಿರುಗಿಸುತ್ತದೆ. ಮಸೂರದ ತೀರ ಹತ್ತಿರವಿರುವ ಕಣ ಮಸುಕಾಗಿ ಹಿಗ್ಗಿ ಬಟಾಣಿಯಂತೆ ಕಾಣುತ್ತದೆ. ಮೀನು ದೂರವಿದ್ದಷ್ಟೂ ನಡುವಿನ ನೀರು ಹೆಚ್ಚು, ಚುಕ್ಕೆ ಹೆಚ್ಚು. ಆದ್ದರಿಂದ ಉಪಾಯ ಎರಡೇ. ನಡುವಿನ ನೀರನ್ನು ಕಡಿಮೆ ಮಾಡಬೇಕು, ಅಂದರೆ ಹತ್ತಿರ ಹೋಗಬೇಕು. ನಡುವಿನ ನೀರಿಗೆ ಬೆಳಕು ಬೀಳದಂತೆ ದೀಪವನ್ನು ಪಕ್ಕಕ್ಕೆ ಸರಿಸಬೇಕು.

ಬೆಳಕು ಚದುರುವ ವಿಷಯ ಬಂದಾಗ ಸರ್ ಸಿ. ವಿ. ರಾಮನ್ನರನ್ನು ನೆನೆಯದಿರಲಾಗದು. 1921ರಲ್ಲಿ ಹಡಗಿನ ಪ್ರಯಾಣದಲ್ಲಿ ಮೆಡಿಟರೇನಿಯನ್ ಕಡಲಿನ ನೀಲಿಯನ್ನು ಕಂಡ ಅವರು, ಅದು ಬರಿಯ ಆಕಾಶದ ಪ್ರತಿಬಿಂಬವಲ್ಲ, ನೀರಿನ ಅಣುಗಳೇ ಬೆಳಕನ್ನು ಚದುರಿಸುವುದರಿಂದ ಉಂಟಾದದ್ದೆಂದು ತೋರಿಸಿದರು. ಆ ಜಿಜ್ಞಾಸೆಯೇ ಬೆಳೆದು 1928ರ ರಾಮನ್ ಪರಿಣಾಮದ ಶೋಧಕ್ಕೆ ದಾರಿಯಾಯಿತು. ನೀರಿನ ಅಣುಗಳು ಚದುರಿಸಿದ ಬೆಳಕು ಕಡಲಿಗೆ ಚೆಲುವು. ಅದೇ ನೀರಿನ ದಪ್ಪ ಕಣಗಳು ಚದುರಿಸಿದ ಬೆಳಕು ಚಿತ್ರಕಾರನಿಗೆ ತೊಡಕು.

ಊರಿಗೆ ಮರಳಿದ ಮೇಲೆ ಓದಿ ತಿಳಿದ ಒಂದು ಸಂಗತಿಯನ್ನೂ ಇಲ್ಲಿಯೇ ಹೇಳುವೆವು. ನೀರಿನೊಳಗಿನ ಮೊದಲ ಛಾಯಾಚಿತ್ರವನ್ನು 1856ರಲ್ಲಿ ಇಂಗ್ಲೆಂಡಿನ ವೇಮತ್ ಕೊಲ್ಲಿಯಲ್ಲಿ ವಿಲಿಯಂ ಥಾಮ್ಸನ್ ಎಂಬವರು ಕ್ಯಾಮೆರಾವನ್ನು ದೋಣಿಯಿಂದ ಇಳಿಬಿಟ್ಟು ತೆಗೆದರು. ಪೆಟ್ಟಿಗೆಯೊಳಗೆ ನೀರು ನುಗ್ಗಿದರೂ ಮಸುಕಾದ ಚಿತ್ರ ಉಳಿಯಿತು. 1893ರಿಂದ ಫ್ರಾನ್ಸಿನ ಲೂಯಿ ಬೂತಾನ್ ಎಂಬ ವಿಜ್ಞಾನಿ ತಾವೇ ಮುಳುಗಿ ಚಿತ್ರ ತೆಗೆದರು. ಬೆಳಕಿಗಾಗಿ ಮೆಗ್ನೀಸಿಯಂ ಉರಿಸಿದರು. 1926ರಲ್ಲಿ ಅಮೆರಿಕದ ಫ್ಲಾರಿಡಾ ತೀರದಲ್ಲಿ ಲಾಂಗ್ಲಿ ಮತ್ತು ಮಾರ್ಟಿನ್ ಎಂಬವರು ನೀರಿನೊಳಗಿನ ಮೊದಲ ವರ್ಣಚಿತ್ರಗಳನ್ನು ತೆಗೆದಾಗ ಮೆಗ್ನೀಸಿಯಂ ಪುಡಿಯನ್ನು ಕ್ಯಾಮೆರಾದ ಬಳಿ ಸಿಡಿಸಲಿಲ್ಲ. ನೀರಿನ ಮೇಲೆ ತೇಲುವ ತೆಪ್ಪದಲ್ಲಿ ಸಿಡಿಸಿದರು. ಕಣ್ಣು ಕೆಳಗೆ, ಬೆಳಕು ಮೇಲೆ. ನಾವು ಭರಣಿಯಲ್ಲಿ ಕಂಡುಕೊಂಡುದನ್ನು ಹೋಲುವ ಏರ್ಪಾಟು ನೂರು ವರ್ಷಗಳ ಹಿಂದೆಯೇ ಇತ್ತು!

ಅಲ್ಯೂಮಿನಿಯಂ ಪಟ್ಟಿ ಮತ್ತು ಬಲೆಯ ಬೆಂಡು

ಅಂದು ಮಧ್ಯಾಹ್ನ, ಕಿಟಕಿ-ಬಾಗಿಲುಗಳಿಗೆ ಅಲ್ಯೂಮಿನಿಯಂ ಚೌಕಟ್ಟು ಮಾಡುವ ಅಂಗಡಿಯೊಂದಕ್ಕೆ ಹೋದೆವು. ಕ್ಯಾಮೆರಾದ ಕವಚಕ್ಕೆ ತಳದಲ್ಲಿ ಒಂದು ತಿರುಪಿನ ರಂಧ್ರವಿರುತ್ತದೆ. ಅದಕ್ಕೆ ಒಂದು ಅಡ್ಡಪಟ್ಟಿ, ಪಟ್ಟಿಯ ಎಡತುದಿಯಿಂದ ಓರೆಯಾಗಿ ಮೇಲಕ್ಕೆ ಚಾಚಿದ ಇನ್ನೊಂದು ಪಟ್ಟಿ, ಅದರ ತುದಿಗೆ ದೀಪ. ದೀಪಕ್ಕೂ ಮಸೂರಕ್ಕೂ ನಡುವೆ ಒಂದು ಮೊಳದಷ್ಟು ಅಂತರ. ಎರಡು ಪಟ್ಟಿ ಕೂಡುವಲ್ಲಿ ಕೈಯಿಂದಲೇ ಸಡಿಲಿಸಿ ಬಿಗಿಮಾಡುವಂಥ, ತುಕ್ಕು ಹಿಡಿಯದ ಸ್ಟೀಲಿನ ನಟ್ಟು. ಕೆಲಸಗಾರ ಅಂಚುಗಳನ್ನು ಅರದಿಂದ ಉಜ್ಜಿ ನುಣುಪು ಮಾಡಿಕೊಟ್ಟ. ಪಟ್ಟಿ, ನಟ್ಟು, ಕೂಲಿ ಎಲ್ಲ ಸೇರಿ 650 ರೂಪಾಯಿ.

ಆದರೆ ದೀಪ ಒಂದು ಬದಿಗೆ ಸರಿದುದರಿಂದ ಕ್ಯಾಮೆರಾ ಆ ಕಡೆಗೆ ವಾಲತೊಡಗಿತು. ಹೀಗೆ ವಾಲಿದರೆ ನೀರಿನಲ್ಲಿ ಕೈ ಸೋಲುತ್ತದೆ. ಇದಕ್ಕೆ ಉಪಾಯ ಹೇಳಿದವರು ದಡದಲ್ಲಿ ಬಲೆ ಹೊಲಿಯುತ್ತ ಕುಳಿತ ಮೀನುಗಾರ ವೃದ್ಧರು. ಬಲೆಗೆ ಕಟ್ಟುವ ಎರಡು ಬೆಂಡುಗಳನ್ನು ಪಟ್ಟಿಗೆ ಕಟ್ಟಿ, ನೀರು ತುಂಬಿದ ಬಕೆಟ್ಟಿನಲ್ಲಿ ತೂಗಿ ನೋಡಿ, “ಈಗ ಸರಿ ಆಯ್ತು” ಎಂದರು. ಹಣ ಕೊಡಹೋದರೆ ಮುಟ್ಟಲಿಲ್ಲ. ನಮ್ಮ ಗಂಟಿನಲ್ಲಿದ್ದ ರೊಟ್ಟಿಯನ್ನು ಮಾತ್ರ ಸಂತೋಷದಿಂದ ಸ್ವೀಕರಿಸಿದರು.

ಕಾಲಿನ ಹತೋಟಿ

ಮೂರನೆಯ ದಿನ ದೋಣಿಯಲ್ಲಿ ಮಾರ್ಗದರ್ಶಿ ತರುಣ ಹಳೆಯ ಚಿತ್ರಗಳನ್ನು ನೋಡಿ ಒಂದು ಮಾತು ಹೇಳಿದ: “ಅಕ್ಕ, ಬೇಜಾರು ಮಾಡ್ಕೊಬೇಡಿ. ಇದ್ರಲ್ಲಿ ಅರ್ಧ ಕಸ ನಿಮ್ಮ ಕಾಲೇ ಎಬ್ಬಿಸಿದ್ದು.” ಮುಳುಗುವವರು ಪಾದಗಳಿಗೆ ರೆಕ್ಕೆಯಂಥ ಉದ್ದದ ಪಟ್ಟಿ ತೊಟ್ಟಿರುತ್ತಾರೆ. ಚಿತ್ರ ತೆಗೆಯುವ ಆತುರದಲ್ಲಿ ದೇಹ ನೆಟ್ಟಗಾಗಿ, ಕಾಲು ತಳದ ಮರಳಿಗೆ ತಗುಲಿದರೆ ಕ್ಷಣದಲ್ಲಿ ನೀರು ಕದಡುತ್ತದೆ. ಎಷ್ಟು ಬೆಲೆಯ ದೀಪವಿದ್ದರೂ ಆ ಕೆಸರನ್ನು ಚಿತ್ರದಿಂದ ದೂರವಿಡಲಾರದು.

ಆತ ಕಲಿಸಿದ ನಿಯಮಗಳು ಇಷ್ಟು. ದೇಹ ಅಡ್ಡಲಾಗಿ ತೇಲುತ್ತಿರಲಿ, ಪಾದಗಳು ತಲೆಗಿಂತ ತುಸು ಮೇಲಿರಲಿ. ನೀರಿನ ಹರಿವಿಗೆ ಎದುರುಮುಖವಾಗಿ ಸಾಗಬೇಕು. ಆಗ ಅಕಸ್ಮಾತ್ ಎದ್ದ ಧೂಳು ಹಿಂದಕ್ಕೆ ಹೋಗುತ್ತದೆ. ಕದಡಿದ ಸ್ಥಳದಲ್ಲಿ ಹಟ ಹಿಡಿಯದೆ, ತಿಳಿಯಾಗುವವರೆಗೆ ಕಾಯಬೇಕು ಅಥವಾ ಮುಂದೆ ಹೋಗಬೇಕು. ಹವಳವನ್ನಾಗಲಿ ಬಂಡೆಯನ್ನಾಗಲಿ ಹಿಡಿದು ನಿಲ್ಲಬಾರದು. ಹವಳಗಳು ಜೀವಂತ ಪ್ರಾಣಿಗಳು; 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಅವುಗಳಿಗಿದೆ. ತೇಲುವ ಹತೋಟಿ ಬಂದ ಮೇಲೆಯೇ ಕ್ಯಾಮೆರಾ ಮುಟ್ಟಬೇಕೆಂದು ಆತ ಮೊದಲ ಹತ್ತು ನಿಮಿಷ ಆಕೆಯ ಕ್ಯಾಮೆರಾವನ್ನು ತಾನೇ ಹಿಡಿದುಕೊಂಡನಂತೆ. ಇದಕ್ಕೆ ಕಾಸಿನ ಖರ್ಚೂ ಇಲ್ಲ.

ಅನಂತರ ಆಕೆ ಕ್ಯಾಮೆರಾದ ಸ್ವಂತ ಫ್ಲ್ಯಾಶನ್ನು ಪೂರ್ತಿ ಆರಿಸಿ, ಪಕ್ಕದ ದೀಪವನ್ನು ಅರ್ಧ ಬೆಳಕಿನಲ್ಲಿಟ್ಟು, ಬಂಡೆಯ ನೆರಳಿನ ಸಂದುಗಳಲ್ಲಿ ಚಿತ್ರ ತೆಗೆದಳು. ಅಂತರ ಒಂದು ಗೇಣಿನಿಂದ ಒಂದು ಮೊಳದವರೆಗೆ, ಅದಕ್ಕಿಂತ ಹೆಚ್ಚಿಲ್ಲ. ದೀಪವನ್ನು ಮೀನಿಗೆ ನೇರವಾಗಿ ಗುರಿಯಿಡದೆ ತುಸು ಹೊರಕ್ಕೆ ತಿರುಗಿಸಿ, ಬೆಳಕಿನ ಅಂಚು ಮಾತ್ರ ಮೀನನ್ನು ತಾಕುವಂತೆ ಮಾಡಿದಳು. ಇಲ್ಲಿ ಒಂದು ಸೂಕ್ಷ್ಮವಿದೆ. ಮುಖವಾಡದ ಗಾಜಿನ ಮೂಲಕ ನೋಡುವಾಗ ವಸ್ತುಗಳು ಇರುವುದಕ್ಕಿಂತ ಕಾಲುಭಾಗ ಹತ್ತಿರದಲ್ಲಿದ್ದಂತೆ ತೋರುತ್ತವೆ. ಕಣ್ಣನ್ನು ನಂಬಿ ದೀಪವನ್ನು ತಿರುಗಿಸಿದರೆ ಬೆಳಕು ಮೀನಿನ ಮುಂದಿನ ನೀರಿನ ಮೇಲೆ ಬೀಳುತ್ತದೆ. ಚುಕ್ಕೆಗಳು ಮತ್ತೆ ಹಾಜರು. ಆದ್ದರಿಂದ ಮೀನು ಕಾಣುವ ಜಾಗಕ್ಕಿಂತ ಹಿಂದಕ್ಕೆ ಬೆಳಕನ್ನು ಬಿಡಬೇಕು.

ಕವಚದೊಳಗಿನ ಫ್ಲ್ಯಾಶಿನಿಂದ ಚಾಲಿತವಾಗುವ ಒಂದು ಹೊರಫ್ಲ್ಯಾಶನ್ನು ಬಳಸಿದ ಸಾಮಾನಾಗಿ ಕೊಳ್ಳಬಲ್ಲವರಿಗೂ ಇದೇ ನ್ಯಾಯ. ಬೆಳಕಿನ ಸಂಕೇತವನ್ನು ಒಯ್ಯುವ ತಂತು ಕೂಡುವ ಚಿಕ್ಕ ಕಂಡಿಯೊಂದನ್ನು ಬಿಟ್ಟು, ಕವಚದ ಮೇಲೆ ಒಳಗಿನ ಫ್ಲ್ಯಾಶಿಗೆ ಎದುರಾದ ಭಾಗವನ್ನೆಲ್ಲ ಕಪ್ಪು ಟೇಪಿನಿಂದ ಮುಚ್ಚಬೇಕು. ಒಳಗಿನ ಬೆಳಕು ಹೊರಗಿನದಕ್ಕೆ ಸೂಚನೆ ಕೊಡಲಿ, ನೀರಿಗೆ ಬೀಳದಿರಲಿ.

ಬಿಸಿಲೊಂದೇ ಸಾಕಾದಾಗ

ದೊಡ್ಡ ದೃಶ್ಯಗಳಿಗೆ, ಅಂದರೆ ಮೀನುಗಳ ಹಿಂಡಿಗೆ, ಹವಳ ಬೆಳೆದ ಇಡಿಯ ಬಂಡೆಗೆ, ಕೈದೀಪ ಎಟುಕುವುದಿಲ್ಲ. ಅಲ್ಲಿ ದೀಪವನ್ನು ಆರಿಸಿಬಿಡುವುದೇ ಜಾಣತನ. ದೀಪವಿಲ್ಲದಿದ್ದರೆ ಮಸೂರದ ಮುಂದಿನ ಕಣಗಳು ಹಾಗೆ ಹೊಳೆಯುವುದಿಲ್ಲ. ಆದರೆ ಹತ್ತಕ್ಕಿಂತ ಕಡಿಮೆ ಮೀಟರು ಆಳದಲ್ಲಿ, ಸೂರ್ಯ ಮೇಲೇರಿದ ಹೊತ್ತಿನಲ್ಲಿ, ಸೂರ್ಯನಿಗೆ ಬೆನ್ನು ಮಾಡಿ ತೆಗೆಯಬೇಕು. ನೀರು ಬೆಳಕಿನ ಕೆಂಪನ್ನು ಮೊದಲು ನುಂಗುತ್ತದೆ. ಐದಾರು ಮೀಟರು ಇಳಿಯುವಷ್ಟರಲ್ಲಿ ಬಹುಪಾಲು ಕೆಂಪು ಹೋಗಿ ಎಲ್ಲವೂ ನೀಲಿ-ಹಸುರಾಗುತ್ತದೆ. ಇದಕ್ಕೆ ಕ್ಯಾಮೆರಾದಲ್ಲಿಯೇ ಮದ್ದಿದೆ. ಬಿಳಿಯ ಪ್ಲಾಸ್ಟಿಕ್ ಹಲಗೆಯೊಂದನ್ನು ಮಸೂರದ ಮುಂದೆ ಹಿಡಿದು, ‘ಇದು ಬಿಳುಪು’ ಎಂದು ಕ್ಯಾಮೆರಾಕ್ಕೆ ತಿಳಿಸಬೇಕು. ಆಗ ಅದು ಉಳಿದ ಬಣ್ಣಗಳನ್ನು ಸರಿದೂಗಿಸುತ್ತದೆ. ಆಳ ಬದಲಾದಾಗಲೆಲ್ಲ ಇದನ್ನು ಮತ್ತೆ ಮಾಡಬೇಕು. ಮಗಳು ಅಡುಗೆಮನೆಯ ತರಕಾರಿ ಹೆಚ್ಚುವ ಬಿಳಿ ಹಲಗೆಯಿಂದ ಅಂಗೈಯಗಲದ ತುಂಡು ಕತ್ತರಿಸಿ ದಾರ ಕಟ್ಟಿಕೊಂಡಿದ್ದಳು.

ಅಂದು ಎರಡು ಸಲ ಮುಳುಗಿ 140 ಚಿತ್ರ ತೆಗೆದಳು. ಮೇಲೆ ಬಂದವಳು ಮುಖವಾಡವನ್ನೂ ತೆಗೆಯದೆ ಕ್ಯಾಮೆರಾವನ್ನು ನಮ್ಮ ಕೈಗಿತ್ತಳು. ಬಂಡೆಯ ಸಂದಿನಿಂದ ಬಾಯಿ ತೆರೆದು ನೋಡುವ ಹಾವಿನಾಕಾರದ ಮೊರೆ ಮೀನು; ಅದರ ಹಿಂದೆ ಶುದ್ಧ ಕತ್ತಲೆ, ಆ ಕತ್ತಲೆಯಲ್ಲಿ ಎಣಿಸಿದರೆ ಆರೇಳು ಚುಕ್ಕೆ. ಹಳದಿಯ ಚಿಟ್ಟೆಮೀನು ತನ್ನ ಕಪ್ಪು ಪಟ್ಟೆಗಳೊಡನೆ ರಂಗೋಲಿಯಷ್ಟು ಸ್ಪಷ್ಟ. ಎಲ್ಲವೂ ಹಾಗಿರಲಿಲ್ಲ. ಮೀನು ತಿರುಗಿಬಿಟ್ಟದ್ದು, ಕೈ ನಡುಗಿದ್ದು, ದೀಪದ ಕೋನ ತಪ್ಪಿದ್ದು ಬಹಳ. ಗೋಡೆಗೆ ಹಾಕುವಂಥವು ಹನ್ನೊಂದು.

ಮರುದಿನವೂ ಹೋದೆವು. ರಾತ್ರಿ ಗಾಳಿ ಎದ್ದು ನೀರು ಹಸುರುಗಟ್ಟಿತ್ತು. ಕೈ ಚಾಚಿದರೆ ಬೆರಳು ಮಸುಕು ಎನ್ನುವಂತಿತ್ತೆಂದು ಮಗಳು ಹೇಳಿದಳು. ಅಂದು ಒಂದು ಚಿತ್ರವೂ ಒದಗಲಿಲ್ಲ. ಇಂಥ ದಿನ ಪಟ್ಟಿಯಾಗಲಿ, ಲಕ್ಷ ರೂಪಾಯಿಯ ಫ್ಲ್ಯಾಶಾಗಲಿ ಹೆಚ್ಚಿನದೇನನ್ನೂ ಮಾಡಲಾರವು. ಕ್ಯಾಮೆರಾವನ್ನು ಚೀಲದಲ್ಲಿಟ್ಟು, ಹದ್ದುಗಳನ್ನು ನೋಡುತ್ತ ಕುಳಿತು ಹಿಂತಿರುಗಿದೆವು.

ಊರಿಗೆ ಮರಳಿ

ಸಂಜೆ ಕವಚ, ಪಟ್ಟಿ, ನಟ್ಟುಗಳನ್ನೆಲ್ಲ ಸಿಹಿನೀರಿನಲ್ಲಿ ನೆನೆಹಾಕಿ ತೊಳೆಯುವುದನ್ನು ಮರೆಯಬಾರದು. ಅಲ್ಯೂಮಿನಿಯಂ ಮತ್ತು ಸ್ಟೀಲು ಕೂಡಿರುವಲ್ಲಿ ಉಪ್ಪುನೀರು ನಿಂತರೆ ಲೋಹ ತಿನ್ನಿಹೋಗುತ್ತದೆ. ಉಳಿದ ಚುಕ್ಕೆಗಳನ್ನು ಮಗಳು ಮನೆಯ ಕಂಪ್ಯೂಟರಿನಲ್ಲಿ ‘ಗಿಂಪ್’ ಎಂಬ, ಬೆಲೆ ಕೊಡಬೇಕಿಲ್ಲದ ತಂತ್ರಾಂಶದಿಂದ ಒಂದೊಂದಾಗಿ ಅಳಿಸಿದಳು. ಆರೇಳು ಚುಕ್ಕೆಯಾದರೆ ಐದು ನಿಮಿಷದ ಕೆಲಸ; ಸಾವಿರ ಚುಕ್ಕೆಗೆ ಇಡೀ ರಾತ್ರಿಯೂ ಸಾಲದು. ಒಂದು ಕಡೆ ಅಳಿಸಹೋದ ಚುಕ್ಕೆಯನ್ನು ಹಿಗ್ಗಿಸಿ ನೋಡಿದಾಗ ಅದಕ್ಕೆ ಕಣ್ಣು, ಮೀಸೆ ಕಂಡವು. ಅದೊಂದು ಪುಟ್ಟ ಜೀವಿ. ಅದನ್ನು ಹಾಗೆಯೇ ಉಳಿಸಿದಳು.

ತಮ್ಮನ ಮುಂದೆ ಹನ್ನೊಂದು ಚಿತ್ರಗಳನ್ನು ಹರಡಿ, ಖರ್ಚಿನ ಚೀಟಿಯನ್ನೂ ಇಟ್ಟೆವು. ಆತ ಚೀಟಿಯನ್ನು ಎರಡು ಸಲ ಓದಿದ; ಮೊರೆ ಮೀನಿನ ಚಿತ್ರವನ್ನು ಬಹಳ ಹೊತ್ತು ನೋಡಿದ. “ಇದು ನಮ್ಮ ಕರ್ನಾಟಕದ್ದ ಏನು?” ಎಂದು ಮಗಳನ್ನೇ ಕೇಳಿದ. ಎರಡು ತಿಂಗಳ ಮೇಲೆ ಮನೆಯಲ್ಲಿ ಅವರಿಬ್ಬರು ಮನಸ್ಸು ಬಿಚ್ಚಿ ಮಾತನಾಡಿದುದು ಅಂದೇ. ದೀಪವನ್ನು ಜೋರು ಮಾಡೆಂದು ನಾವು ಕೊಟ್ಟ ಸಲಹೆಯ ಕತೆಯನ್ನೂ ಮುಚ್ಚಿಡದೆ ಹೇಳಿದೆವು. ತಮ್ಮ ನಕ್ಕುಬಿಟ್ಟ.

ಶಾಲೆಯಲ್ಲಿ ಚಿತ್ರಗಳ ಪ್ರದರ್ಶನ ಏರ್ಪಟ್ಟಾಗ ನಾವೂ ಹೋಗಿದ್ದೆವು. ಹನ್ನೊಂದು ಚಿತ್ರಗಳ ಕೊನೆಗೆ ಹನ್ನೆರಡನೆಯದಾಗಿ, ನಮ್ಮ ಸಲಹೆಯಂತೆ ತೆಗೆದ ಆಲಿಕಲ್ಲಿನ ಚಿತ್ರವನ್ನೂ ಆಕೆ ತೂಗುಹಾಕಿದ್ದಳು. ಪುಟ್ಟ ಹುಡುಗಿಯೊಬ್ಬಳು ಅದರ ಮುಂದೆ ನಿಂತು, “ಟೀಚರ್, ಸಮುದ್ರದಾಗೂ ಮಳಿ ಬೀಳತೈತೇನ್ರಿ?” ಎಂದು ಕೇಳಿದಳು. ಮಗಳು ಮೇಜಿನ ಕೆಳಗಿನಿಂದ ಗಾಜಿನ ಭರಣಿಯನ್ನೂ ಟಾರ್ಚನ್ನೂ ತೆಗೆದಳು. ನಾಲ್ಕು ಹನಿ ಹಾಲು ಬಿಟ್ಟಳು. ಕಿಟಕಿ ಮುಚ್ಚಲು ನಮಗೆ ಹೇಳಿದಳು. ಮಕ್ಕಳು ಸುತ್ತ ಮುತ್ತಿಕೊಂಡರು. ಟಾರ್ಚು ಹಿಡಿದ ಆಕೆಯ ಕೈಯಲ್ಲಿ ನಮ್ಮ ತಾಯಿಯವರ ಬಳೆಗಳಿದ್ದವು.